ಆಡಿಟರ ಬಗ್ಗೆ ಒಂದು ಕೆಟ್ಟ ಮಾತು

ನಮ್ಮ ಆಡಿಟರು ತೀರಿಕೊಂಡರು ಅಂತ ಅಕ್ಕ ಫೋನು ಮಾಡಿದಾಗ ನಾನು ಒಗ್ಗರಣೆ ಹಾಕುತ್ತಿದ್ದೆ. ಒಲೆ ಆರಿಸಿ ಅಲ್ಲೇ ಅಡುಗೆಮನೆಯ ಸ್ಟೂಲಿನ ಮೇಲೆ ಕೂತೆ. ವಯಸ್ಸಾಗಿತ್ತು ಬಿಡಿ. ಬೆಳಿಗ್ಗೆ ಕಾಫಿ ಕುಡಿದು ಪೇಪರು ಹಿಡಿದು ಕೂತವರು ಹಾಗೇ ಹೋದರಂತೆ, ಯಾರ ಕೈಲೂ ಸೇವೆ ಮಾಡಿಸಿಕೊಳ್ಳಲಿಲ್ಲ. ಅಕ್ಕ ಅಂದರೆ ನನ್ನ ಒಡಹುಟ್ಟಿದವರಲ್ಲ, ಆಡಿಟರ ಹೆಂಡತಿ. ಹೇಳಬೇಕಾದ ಮಾತೆಲ್ಲ ಆದ ಮೇಲೆ ನನಗೆ ಅಳು ಬಂತು, ಅದರ ಬೆನ್ನಿಗೇ ನಗು ಬಂತು. ಸುಳ್ಳು ಯಾಕೆ ಹೇಳಲಿ, ಆ ಮನುಷ್ಯನನ್ನು ನೆನೆಸಿಕೊಂಡು ಬರೀ ಅಳುವುದು ನನ್ನ ಕೈಲಿ ಆಗುವುದಿಲ್ಲ.

ಎಂಬತ್ತರ ದಶಕದಲ್ಲಿ ಸ್ಯಾನ್ ಮಟಿಯೋದ ಒಂದು ಅಪಾರ್ಟ್‌ಮೆಂಟಿನಲ್ಲಿ ನಾವು ಗೋಡೆಗೆ ಗೋಡೆ ನೆರೆಯವರು. ನಾವು ಮೈಸೂರಿನ ಕಡೆಯವರು, ಅವರು ಉಡುಪಿಯವರು. ಮನೆಯಲ್ಲಿ ತುಳು, ನಮ್ಮ ಜೊತೆ ಅವರ ಊರಿನ ಕನ್ನಡ. ಅವರಿಗೊಂದು ಚೆಂದದ ಹೆಸರಿತ್ತು, ಆದರೆ ಸ್ಯಾನ್ ಫ್ರಾನ್ಸಿಸ್ಕೋ ಸುತ್ತಿನ ಬೇ ಏರಿಯಾದ ಕನ್ನಡದವರೆಲ್ಲ ಕರೆಯುತ್ತಿದ್ದದ್ದು ಆಡಿಟರು ಅಂತಲೇ. ಸಣ್ಣ ಆಳು. ಪ್ಯಾಂಟು ಹೊಟ್ಟೆಯ ಮೇಲಕ್ಕೆ, ಹೆಚ್ಚುಕಮ್ಮಿ ಎದೆಯ ಹತ್ತಿರ. ನಡೆಯುವಾಗ ತಲೆ ತಗ್ಗಿಸಿಯೇ ನಡೆಯುವುದು, ಯಾರೋ ಬೀಳಿಸಿದ ನಾಣ್ಯ ಹುಡುಕುವವರ ಹಾಗೆ. ಫ್ರೀವೇಯಲ್ಲಿ ಅವರ ಕಾರು ಓಡುತ್ತಿತ್ತು ಅನ್ನುವುದು ತಪ್ಪು, ಬಲಗಡೆಯ ಲೇನಿನಲ್ಲಿ ಸವಾರಿ ಹೊರಟ ದೇವರ ಹಾಗೆ ಹೋಗುತ್ತಿತ್ತು.

ಕೆಲಸ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ. ಸರ್ಕಾರದ ಇಲಾಖೆಗಳೊಳಗೆ ನಡೆಯುವ ಕಳ್ಳತನ ಹಿಡಿಯಲಿಕ್ಕೆ ಸರ್ಕಾರವೇ ಇಟ್ಟುಕೊಂಡ ಕಾವಲು ಕಚೇರಿ ಅದು. ಅಲ್ಲಿ ಎರಡು ಜಾತಿ ಜನ. ಲೆಕ್ಕ ನೋಡಿ ಇಲ್ಲಿ ತೂತು ಇದೆ ಅಂತ ತೋರಿಸುವವರು ಒಂದು ಜಾತಿ, ಇವರು ಅದರಲ್ಲಿ. ಆ ತೂತಿನ ಜಾಡು ಹಿಡಿದು ಹೋಗಿ ಕಳ್ಳನನ್ನು ಕೂರಿಸಿಕೊಂಡು ಪ್ರಶ್ನೆ ಕೇಳಿ, ಬೇಕಾದರೆ ಕೈಕೋಳ ಹಾಕುವವರು ಇನ್ನೊಂದು ಜಾತಿ, ಅವರು ತನಿಖಾಧಿಕಾರಿಗಳು. ಇವರು ತೂತು ತೋರಿಸಿದ ಮೇಲೆ ಅವರು ಕೋಟು ಹಾಕಿಕೊಂಡು ಹೊರಟುಬಿಡುತ್ತಿದ್ದರು. ಇವರಿಗೆ ಮುಂದಿನ ಕಥೆ ಗೊತ್ತಾಗುತ್ತಿರಲಿಲ್ಲ.

ಒಂದು ದಿನ ನಮ್ಮ ಮನೆಯಲ್ಲಿ ಊಟಕ್ಕೆ ಕೂತವರು ಸಾರನ್ನಕ್ಕೆ ಕೈ ಹಾಕಿ ಹಾಗೇ ನಿಲ್ಲಿಸಿ ಹೇಳಿದರು, "ಹತ್ತು ವರ್ಷದಿಂದ ಕಳ್ಳರ ಲೆಕ್ಕ ನೋಡ್ತಾ ಇದ್ದೇನೆ. ಒಬ್ಬ ಕಳ್ಳನ ಮುಖ ನೋಡಿಲ್ಲ ಮಾರಾಯ್ರೇ."

ಹೋಟೆಲಿನ ಹಿಂದುಗಡೆ ಲೋಟ ತೊಳೆಯುವವನಿಗೆ ಕಾಫಿ ಕುಡಿದವನ ಮುಖ ಕಾಣುವುದಿಲ್ಲವಲ್ಲ, ತನ್ನದೂ ಹಾಗೇ ಅಂತ ಅವರ ದುಃಖ. ನಮ್ಮೆಜಮಾನರು ನಕ್ಕುಬಿಟ್ಟರು. ನಾನು ನಗಲಿಲ್ಲ. ಸಾರು ಆರುತ್ತಿದೆ ಅಂತ ಹೇಳಿದೆ.

ಈಗ ತಮಾಷೆ ಕೇಳಿ. ಅಂಕಿಗಳ ವಿಷಯದಲ್ಲಿ ಆಡಿಟರು ಹೆತ್ತ ತಾಯಿಯನ್ನೂ ನಂಬುವವರಲ್ಲ, ಗ್ರೋಸರಿ ಅಂಗಡಿಯ ಬಿಲ್ಲನ್ನು ಅಲ್ಲೇ ನಿಂತು ಕೂಡಿ ನೋಡಿ ಹಿಂದಿದ್ದವರ ಕೈಲಿ ಬೈಸಿಕೊಳ್ಳುವರು. ಮನುಷ್ಯರ ವಿಷಯ ಬಂದರೆ ಹಾಲುಗಲ್ಲದ ಮಗು. ಬಾಗಿಲಿಗೆ ಬಂದು ವ್ಯಾಕ್ಯೂಮ್ ಮಾರುವವನು ಇದು ಜೀವಮಾನವಿಡೀ ಕೆಡುವುದಿಲ್ಲ ಅಂದ, ತೆಗೆದುಕೊಂಡರು. ಮುಂದಿನ ವರ್ಷ ಅದೇ ಮನುಷ್ಯ ಬಂದು ಹೊಸದು ಇನ್ನೂ ಚೆನ್ನಾಗಿದೆ ಅಂದ, ಅದನ್ನೂ ತೆಗೆದುಕೊಂಡರು. ಅಲ್ಲ ಆಡಿಟರೇ, ಒಂದು ಮಾತು ಕೇಳಬಾರದಿತ್ತೇ ಅಂದೆ. ಅವನು ಸುಳ್ಳು ಹೇಳ್ಲಿಕ್ಕೆ ಕಾರಣ ಎಂತ ಉಂಟು, ಅಂದರು. ಲೆಕ್ಕ ಸುಳ್ಳು ಹೇಳುತ್ತದೆ, ಮನುಷ್ಯ ಹೇಳುವುದಿಲ್ಲ ಅನ್ನುವುದು ಅವರ ಸಿದ್ಧಾಂತ. ಆ ಲೆಕ್ಕ ಬರೆದವನು ಯಾರಪ್ಪಾ ಅಂತ ನಮ್ಮೆಜಮಾನರು ಕೇಳಿದರೆ, ಅದನ್ನೇ ನೋಡಬೇಕು ಅಂತ ನನಗೂ ಆಸೆ, ಅನ್ನುವರು.

ಇಂಥವರಿಗೆ ತನಿಖಾಧಿಕಾರಿ ಆಗುವ ಹುಚ್ಚು ಹಿಡಿಯಿತು. ಕಚೇರಿಯಲ್ಲೇ ತರಬೇತಿ ತನಿಖಾಧಿಕಾರಿಯ ಒಂದು ಜಾಗ ಖಾಲಿಯಾಯಿತು, ಇವರು ಅರ್ಜಿ ಹಾಕಿದರು. ಲೆಕ್ಕದಲ್ಲಿ ಇವರನ್ನು ಮೀರಿಸುವವರಿಲ್ಲ ಅಂತ ಆರಿಸಿಯೂಬಿಟ್ಟರು. ಆದರೆ ಆ ಕೆಲಸಕ್ಕೆ ಒಂದು ವಯಸ್ಸು ದಾಟಿದರೆ ಸೇರಿಸಿಕೊಳ್ಳುವುದಿಲ್ಲ, ಇವರು ಆ ಹೊಸಿಲಿನ ಮೇಲೆ ನಿಂತಿದ್ದರು. ಈ ಸಲ ತಪ್ಪಿದರೆ ಜನ್ಮದಲ್ಲಿ ಇಲ್ಲ. ಇನ್ನು ಉಳಿದದ್ದು ಒಂದೇ ಗಂಡಾಂತರ. ಸರ್ಕಾರದ ಬೇರೊಂದು ಕಡೆಯಿಂದ ಒಬ್ಬ ಅಧಿಕಾರಿ ಬಂದು, ಇವರನ್ನು ಬಲ್ಲವರನ್ನೆಲ್ಲ ಕಂಡು, ಇವರು ಎಂಥ ಮನುಷ್ಯ ಅಂತ ವಿಚಾರಿಸುವುದು. ಅದು ಸರಿಹೋದರೆ ಕೆಲಸ ಖಾಯಂ.

ಅಷ್ಟರಲ್ಲಿ ಇವರ ಅಭ್ಯಾಸ ಶುರುವಾಯಿತು. ಪ್ರಶ್ನೆ ಕೇಳುವುದು ಕಲಿಯಬೇಕಲ್ಲ. ಸಂಜೆ ನಮ್ಮ ಮನೆಗೆ ಬರುವುದು, ಸೋಫಾದಲ್ಲಿ ನಮ್ಮೆಜಮಾನರನ್ನು ಕೂರಿಸುವುದು, ಎದುರಿಗೆ ಕುರ್ಚಿ ಎಳೆದುಕೊಂಡು ಗಂಟಲು ಸರಿಮಾಡಿಕೊಳ್ಳುವುದು. ನಮ್ಮೆಜಮಾನರು ಉತ್ಸಾಹದಿಂದ ಕಳ್ಳನಾಗುತ್ತಿದ್ದರು.

ಮಂಗಳವಾರ ಮಧ್ಯಾಹ್ನ ನೀವು ಎಲ್ಲಿದ್ದಿರಿ ಅಂತ ಆಡಿಟರು ಕೇಳುವರು. ಆಫೀಸಿನಲ್ಲಿದ್ದೆ ಅಂತ ನಮ್ಮೆಜಮಾನರು ಕಣ್ಣು ತಪ್ಪಿಸಿ, ಬೆವರು ಒರೆಸಿಕೊಳ್ಳುವ ಹಾಗೆ ಮಾಡಿ ಹೇಳುವರು. ಸರಿ ಅಂತ ಆಡಿಟರು ಏಳುವರು.

ಅಷ್ಟೇನಾ, ಇನ್ನೊಂದು ಕೇಳ್ರೀ ಅಂತ ಕಳ್ಳನೇ ಗೋಗರೆಯಬೇಕಾಗುತ್ತಿತ್ತು. ನೀವು ಹೇಳಿದಿರಲ್ಲ, ಮತ್ತೆ ಎಂತ ಕೇಳುವುದು ಅನ್ನುವರು. ನಮ್ಮೆಜಮಾನರು ಒಂದು ಸಂಜೆ ನಾನೇ ಕದ್ದೆ ಅಂತ ತಪ್ಪೊಪ್ಪಿಕೊಂಡೂ ನೋಡಿದರು. ಅಯ್ಯೋ, ನೀವು ಅಂಥವರಲ್ಲ ಅಂತ ಆಡಿಟರು ಸಮಾಧಾನ ಮಾಡಿ ಹೋದರು.

ಕೊನೆಗೆ ಆ ವಿಚಾರಣೆ ಸಾಹೇಬ ಬಂದ. ಕಂದು ಬಣ್ಣದ ಸೂಟು, ಸುಸ್ತಾದ ಮುಖ, ಒಳ್ಳೆ ಮನುಷ್ಯ. ಮೊದಲು ಬಂದದ್ದು ನಮ್ಮ ಮನೆಗೆ, ಪಕ್ಕದಲ್ಲೇ ಇದ್ದೆವಲ್ಲ.

ನೋಡಿ, ನಮ್ಮ ಕಡೆ ಗುರುತಿಲ್ಲದವರು ಮನೆಗೆ ಬಂದು ಇಂಥವರು ಹೇಗೆ ಅಂತ ಕೇಳಿದರೆ ಅದಕ್ಕೆ ಒಂದೇ ಅರ್ಥ. ಸಂಬಂಧದ ವಿಚಾರಣೆ. ಹೆಣ್ಣಿನ ಕಡೆಯವರು ಹುಡುಗನ ಅಕ್ಕಪಕ್ಕದಲ್ಲಿ ವಿಚಾರಿಸುತ್ತಾರೆ, ಆಗ ಏನು ಹೇಳಬೇಕು ಅನ್ನುವುದು ನಮಗೆ ಹುಟ್ಟುತ್ತಲೇ ಬಂದ ವಿದ್ಯೆ. ಒಳ್ಳೆ ಮನೆತನ ಅನ್ನಬೇಕು. ದುರಭ್ಯಾಸ ಒಂದೂ ಇಲ್ಲ ಅನ್ನಬೇಕು. ಹುಡುಗ ತಲೆ ಎತ್ತಿ ನಡೆಯುವವನಲ್ಲ ಅನ್ನಬೇಕು. ಹುಡುಗ ಕಳ್ಳಬಟ್ಟಿ ಕಾಯಿಸುತ್ತಿದ್ದರೂ ಇಷ್ಟನ್ನು ಹೇಳಲೇಬೇಕು, ಯಾಕೆಂದರೆ ಒಂದು ಮನೆ ಮುರಿದ ಪಾಪ ಯಾರಿಗೆ ಬೇಕು? ಸಾಹೇಬ ಬಂದದ್ದು ಸರ್ಕಾರದ ಕೆಲಸಕ್ಕೆ ಅಂತ ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೂ ಅವನು ಬಾಯಿ ಬಿಟ್ಟ ಕೂಡಲೇ ನನ್ನೊಳಗಿದ್ದ ನಮ್ಮಮ್ಮ ಮಾತಾಡಲು ಶುರುಮಾಡಿದಳು.

ಕುಡಿಯುತ್ತಾರಾ ಅಂದ. ಕಾಫಿಯೇ ಅರ್ಧ ಲೋಟ ಅಂದೆ. ಜಗಳ? ಅಪ್ಪಿತಪ್ಪಿಯೂ ಇಲ್ಲ. ತಲೆ ಎತ್ತಿ ಒಬ್ಬರ ಮುಖ ನೋಡುವವರಲ್ಲ ಅಂತ ಇಂಗ್ಲಿಷಿನಲ್ಲಿ ಹೇಳಿದೆ. ತನಿಖಾಧಿಕಾರಿ ಆಗುವವರ ಬಗ್ಗೆ ಈ ಮಾತು ಕೇಳಿ ಅವನು ನನ್ನನ್ನೇ ನೋಡಿದ. ನಾನು ಕೊಟ್ಟ ಕಾಫಿ ಮುಟ್ಟಲಿಲ್ಲ, ರೂಲ್ಸು ಅಂತೆ. ಬಂದವರು ಕಾಫಿ ಮುಟ್ಟಲಿಲ್ಲ ಅಂದರೆ ಸಂಬಂಧ ಒಪ್ಪಿಗೆಯಾಗಲಿಲ್ಲ ಅಂತಲ್ಲವೇ? ನನಗೆ ಗಾಬರಿಯಾಗಿ ಇನ್ನೂ ನಾಲ್ಕು ಒಳ್ಳೆ ಮಾತು ಸೇರಿಸಿದೆ.

ಆಮೇಲೆ ಗೊತ್ತಾಯಿತು, ಎಲ್ಲ ಕಡೆಯೂ ಇದೇ ಕಥೆ. ಪ್ಲೆಸೆಂಟನ್ನಿನಲ್ಲಿದ್ದ ಬೆಂಗಳೂರಿನ ಇಂಜಿನಿಯರು, ಹುಡುಗನಿಗೆ ಊರಲ್ಲಿ ಗದ್ದೆ ತೋಟ ಬೇಕಾದಷ್ಟಿದೆ, ಇಲ್ಲಿ ದುಡಿಯುವ ಅಗತ್ಯವೇ ಇಲ್ಲ ಅಂದರಂತೆ. ಇದ್ದ ಗದ್ದೆಯೆಲ್ಲ ಭೂಸುಧಾರಣೆಯಲ್ಲಿ ಗೇಣಿದಾರರಿಗೆ ಹೋಗಿತ್ತು, ಹಾಗಾಗಿ ಆಡಿಟರು ಆಸ್ತಿ ಇಲ್ಲ ಅಂತ ಸರ್ಕಾರಕ್ಕೆ ಸತ್ಯವನ್ನೇ ಹೇಳಿದ್ದರು. ಲಾಸ್ ಆಲ್ಟೋಸಿನ ಡಾಕ್ಟರಮ್ಮ ಚಿನ್ನದಂಥ ಮನುಷ್ಯ ಅಂದರು. ಅವರ ಮನೆಗೆ ಧಾರವಾಡದಿಂದ ಬಂದಿದ್ದ ಅವರಪ್ಪ, ನಾವೆಲ್ಲ ಅಜ್ಜ ಅನ್ನುತ್ತಿದ್ದೆವು, ಮಗಳು ತರ್ಜುಮೆ ಮಾಡುತ್ತಾಳೆ ಅನ್ನುವ ಧೈರ್ಯದಲ್ಲಿ, ನಮ್ಮನ್ಯಾಗ ಇನ್ನೊಂದು ಹೆಣ್ಣಿದ್ದಿದ್ರ ನಾವ ಕೊಡ್ತಿದ್ವಿ ಅಂದರಂತೆ. ಡಾಕ್ಟರಮ್ಮ ನಿಷ್ಠೆಯಿಂದ ಅದನ್ನೂ ಇಂಗ್ಲಿಷಿಗೆ ತಂದರು. ಅವರಿಗೆ ಮದುವೆಯಾಗಿದೆಯಲ್ಲ ಅಂತ ಸಾಹೇಬ ಕೇಳಿದನಂತೆ. ಅದಕ್ಕೇನಾತು, ಮಾತಿಗೆ ಹೇಳಿದೆ ಅಂದರಂತೆ ಅಜ್ಜ.

ವಾರ ಕಳೆಯುವುದರೊಳಗೆ ಆಡಿಟರು ನಮ್ಮ ಬಾಗಿಲಲ್ಲಿ ನಿಂತಿದ್ದರು. ಒಳಗೆ ಬನ್ನಿ ಅಂದರೂ ಬರಲಿಲ್ಲ. ಮುಖ ಬತ್ತಿಹೋಗಿತ್ತು. ಕಚೇರಿಯಲ್ಲಿ ಮೇಲಿನವರು ಕರೆಸಿದ್ದರಂತೆ. ಯಾರನ್ನು ಕೇಳಿದರೂ ಗಿಳಿಪಾಠ ಒಪ್ಪಿಸಿದ ಹಾಗೆ ಒಂದೇ ಮಾತು ಹೇಳುತ್ತಾರೆ, ಒಬ್ಬರ ಬಾಯಲ್ಲೂ ಒಂದು ಕೊರತೆ ಇಲ್ಲ, ಇವರೇ ಹೇಳಿಕೊಟ್ಟಿದ್ದಾರೆ ಅಂತ ಅನುಮಾನ. ಯಾರಿಗೂ ಕೆಟ್ಟದ್ದು ಗೊತ್ತಿಲ್ಲದ ಮನುಷ್ಯ ಅಂದರೆ ಯಾರಿಗೂ ಗೊತ್ತೇ ಇಲ್ಲದ ಮನುಷ್ಯ ಅಂತ ಸಾಹೇಬ ಅಭಿಪ್ರಾಯ ಕೊಟ್ಟಿದ್ದನಂತೆ. ಇನ್ನೊಂದು ಸುತ್ತು ಬರುತ್ತಾನೆ. ಆಗಲೂ ಹೀಗೇ ಆದರೆ ಕೆಲಸ ಇಲ್ಲ.

"ನನ್ನ ಬಗ್ಗೆ ಸ್ವಲ್ಪ ಕೆಟ್ಟದು ಹೇಳ್ಬೇಕು," ಅಂದರು. "ಜಾಸ್ತಿ ಬೇಡ. ಇದ್ದದ್ದು ಹೇಳಿದ್ರೆ ಸಾಕು."

ಬಿಡ್ತು ಅನ್ನಿ ಅಂದೆ. ಹೇಳಿ ಅಂತ ಕೇಳಿದ ತಕ್ಷಣ ಕೆಟ್ಟ ಮಾತು ಬರುತ್ತದೆಯೇ? ನಮ್ಮೆಜಮಾನರು ಬಹಳ ಹೊತ್ತು ಯೋಚನೆ ಮಾಡಿ, ನೀವು ಪ್ಯಾಂಟು ಸ್ವಲ್ಪ ಮೇಲೆ ಹಾಕ್ತೀರಿ ಅಂದರು. ಸರ್ಕಾರಕ್ಕೆ ಅದು ಸಾಕಾಗಲಿಕ್ಕಿಲ್ಲ ಅಂತ ಆಡಿಟರು ಪಾಪ ನಿಜವಾಗಿಯೇ ಲೆಕ್ಕ ಹಾಕಿ ಹೇಳಿದರು.

ಹಾಗೆ ಮನೆಮನೆಗೆ ಹೋಗಿ ಬೇಡಿದರು ಆ ಮನುಷ್ಯ. ಮಗಳ ಮದುವೆಗೆ ಸಹಾಯ ಕೇಳುವವರ ಹಾಗೆ, ಒಂದು ಕೆಟ್ಟ ಮಾತು ಕೊಡಿ ಅಂತ. ಯಾರೂ ಕೊಡಲಿಲ್ಲ. ಇಂಜಿನಿಯರು, ನಿಮ್ಮ ಮನೆ ಅನ್ನ ತಿಂದಿದ್ದೀನಿ ಸಾರ್ ಅಂತ ಕೈ ಮುಗಿದುಬಿಟ್ಟರು. ಕೊನೆಗೆ ಡಾಕ್ಟರಮ್ಮನೇ, ಇದು ಒಬ್ಬೊಬ್ಬರಿಂದ ಆಗುವ ಕೆಲಸ ಅಲ್ಲ, ಭಾನುವಾರ ನಮ್ಮ ಮನೆಗೆ ಎಲ್ಲ ಊಟಕ್ಕೆ ಬನ್ನಿ, ಕೂತು ತೀರ್ಮಾನ ಮಾಡೋಣ ಅಂದರು. ಲಾಸ್ ಆಲ್ಟೋಸಿನ ಆ ಬೀದಿಯಲ್ಲಿ ಹುಲ್ಲು ಬೆಳೆದ ಸದ್ದೂ ಕೇಳಿಸುತ್ತಿತ್ತು. ಅಂಥ ಕಡೆ ನಾವು ಒಂದು ಹಿಂಡು ಜನ ಪಾತ್ರೆ ಪಡಗ ಹೊತ್ತುಕೊಂಡು, ಒಬ್ಬ ಒಳ್ಳೆ ಮನುಷ್ಯನ ಬಗ್ಗೆ ಕೆಟ್ಟದ್ದು ಮಾತಾಡಲು ಹೋದೆವು.

ಊಟ ಆಯಿತು. ಗಂಡಸರು ಕಾರ್ಪೆಟ್ಟಿನ ಮೇಲೆ ಕೂತರು, ಅಜ್ಜ ಸೋಫಾದಲ್ಲಿ. ಆಡಿಟರು ಎಲ್ಲರ ನಡುವೆ ಒಂದು ಕುರ್ಚಿಯಲ್ಲಿ, ಹಸೆಮಣೆ ಮೇಲೆ ಕೂತವರ ಹಾಗೆ. ಇಂಜಿನಿಯರು ಹವಾಮಾನದ ಮಾತೆತ್ತಿದರು. ಅಕ್ಕ ಒಳಗೆ ಬಾಳೆಕಾಯಿ ಪೋಡಿ, ಅಂದರೆ ಅವರ ಕಡೆಯ ಬಜ್ಜಿ, ಕರಿಯುತ್ತಿದ್ದರು, ಎಣ್ಣೆಯ ಸದ್ದು ಮಾತ್ರ.

ಅಜ್ಜನೇ ಶುರುಮಾಡಿದರು. ನೀ ಕಾರು ಭಾಳ ನಿಧಾನ ಹೊಡೀತೀಪಾ, ಹೋದ ಯುಗಾದಿಗೆ ನಿನ್ನ ಕಾರಿನ್ಯಾಗ ಬಂದು ನನಗ ಹೋಳಿಗಿ ಸಿಗಲಿಲ್ಲ ಅಂದರು. ಎಲ್ಲರೂ ನಕ್ಕರು. ಹೌದು ಅಂದರು ಆಡಿಟರು.

ಅಷ್ಟೇ ಸಾಕಾಯಿತು ನೋಡಿ, ಕಟ್ಟೆ ಒಡೆಯಿತು. ಹೊತ್ತಿಗೆ ಸರಿಯಾಗಿ ಬಂದ ಇನ್ನೊಂದು ಹಬ್ಬಕ್ಕೆ ನಮ್ಮ ಮನೆ ಹೋಳಿಗೆಗೆ ಬೆಲ್ಲ ಕಡಿಮೆ ಅಂತ ಎಲ್ಲರೆದುರು ಹೇಳಿದವರು ಇವರೇ ಅಂತ ಡಾಕ್ಟರಮ್ಮ. ಹೌದು. ಕೊಟ್ಟ ಡಬ್ಬಿ ಖಾಲಿಯಾಗಿ ವಾಪಸ್ಸು ಕಳಿಸುತ್ತಾರೆ, ಒಂದು ಚಮಚ ಸಕ್ಕರೆಯಾದರೂ ಹಾಕಬೇಕು ಅನ್ನುವ ಸಂಸ್ಕಾರ ಇಲ್ಲ ಅಂತ ಇಂಜಿನಿಯರ ಹೆಂಡತಿ. ಹೌದು. ನನ್ನ ಇನ್‌ಕಮ್ ಟ್ಯಾಕ್ಸು ನೋಡಿಕೊಡಿ ಅಂದರೆ ನೋಡಿಕೊಟ್ಟು, ತಪ್ಪು ನನ್ನದೇ ಅಂತ ಸರ್ಕಾರಕ್ಕೆ ಇನ್ನಷ್ಟು ಕಟ್ಟಿಸಿದ ಪುಣ್ಯಾತ್ಮ ಅಂತ ಇಂಜಿನಿಯರು, ಅನ್ನದ ಋಣವನ್ನೆಲ್ಲ ಮರೆತು. ಹೌದು, ಹೌದು. ನಾನು? ನಾನೂ ಬಿಡಲಿಲ್ಲ. ಭಜನೆಯಲ್ಲಿ ಶ್ರುತಿ ಬಿಟ್ಟು ಹಾಡಿ ಉಳಿದವರನ್ನೂ ಹಾಳುಮಾಡುತ್ತೀರಿ ಅಂದುಬಿಟ್ಟೆ. ಅದಕ್ಕೂ ಹೌದು ಅಂದರು. ಇಷ್ಟು ವರ್ಷ ಇದೆಲ್ಲ ಎಲ್ಲಿತ್ತೋ! ಎಲ್ಲರ ಮುಖವೂ ಕೆಂಪಾಗಿ, ಒಬ್ಬರ ಮಾತಿನ ಮೇಲೆ ಒಬ್ಬರು ಬಿದ್ದು, ಕೆಲಸ ಕೊಡಿಸಲು ಬಂದವರು ಅನ್ನುವುದು ಯಾರಿಗೂ ನೆನಪಿರಲಿಲ್ಲ. ಆಡಿಟರು ಮಾತ್ರ ಸಂತೋಷವಾಗಿದ್ದರು. ಇದನ್ನೇ ಹೇಳಿ, ಇದನ್ನೇ ಹೇಳಿ ಅನ್ನುತ್ತಿದ್ದರು.

ಆಗ ಅಕ್ಕ ಪೋಡಿಯ ತಟ್ಟೆ ಹಿಡಿದು ಬಂದರು. ಅವರು ಹತ್ತು ಜನರೆದುರು ಮಾತಾಡಿದ್ದನ್ನು ನಾನು ಕಂಡಿರಲಿಲ್ಲ. ತಟ್ಟೆ ಕೆಳಗಿಟ್ಟು, ಸೆರಗಿನಲ್ಲಿ ಕೈ ಒರೆಸಿಕೊಂಡು, "ನಂದೊಂದು ಉಂಟು," ಅಂದರು.

ಎಲ್ಲರೂ ಖುಷಿಯಿಂದ ಹೇಳಿ ಹೇಳಿ ಅಂದೆವು.

"ಮದುವೆಯಾಗಿ ಇಷ್ಟು ವರ್ಷ ಆಯ್ತು. ಇವರು ನನ್ನ ಹತ್ತಿರ ಒಂದು ಪ್ರಶ್ನೆ ಕೇಳಿದವರಲ್ಲ."

"ನಿನ್ನ ಹತ್ತಿರ ಎಂತ ಕೇಳ್ಲಿಕ್ಕುಂಟು?" ಅಂದರು ಆಡಿಟರು, ನಗುತ್ತಲೇ. "ನಿನ್ನ ಮೇಲೆ ನನಗೆ ಪೂರ್ತಿ ನಂಬಿಕೆ."

"ನಂಬಿಕೆ ಉಂಟು, ಸರಿ. ವಾರಕ್ಕೆರಡು ಸಲ ನಾನು ಒದ್ದೆ ತಲೆಯಲ್ಲಿ ಮನೆಗೆ ಬರ್ತೇನೆ. ಒಂದು ವರ್ಷದಿಂದ. ಯಾಕೆ ಅಂತ ಕೇಳಿದ್ದೀರಾ?"

ಆಡಿಟರು ಯೋಚಿಸಿದರು. ತಲೆಸ್ನಾನ ಅಂತ ತಿಳ್ಕೊಂಡೆ ಅಂದರು.

"ನಾನು ಹೊರಗಿನಿಂದ ಬರ್ತೇನೆ. ಬಸ್ಸಿನಲ್ಲಿ."

ಎಲ್ಲಿಂದ ಅಂತ ಡಾಕ್ಟರಮ್ಮ ಮೆಲ್ಲಗೆ ಕೇಳಿದರು. ಈಜು ಕಲಿತೆ, ನಮ್ಮ ಸ್ಯಾನ್ ಮಟಿಯೋದಲ್ಲೇ ಎಲ್ಲರಿಗೂ ಅಂತ ಒಂದು ಈಜುಕೊಳ ಉಂಟು ಅಂದರು ಅಕ್ಕ. ಸಮುದ್ರದ ಪಕ್ಕದಲ್ಲಿ ಹುಟ್ಟಿ ಮೊಣಕಾಲಿಗಿಂತ ಮೇಲೆ ನೀರು ಕಂಡವರಲ್ಲವಂತೆ, ಆ ಆಸೆ. ಪಕ್ಕದ ಮನೆಯ ಸಾರಿಗೆ ಇಂಗು ಬಿದ್ದರೆ ಇಲ್ಲಿಂದಲೇ ಹೇಳುವ ನನಗೂ ಇದು ಗೊತ್ತಿರಲಿಲ್ಲ, ಅವರ ಕೈಯ ಚೀಲ ಕಂಡು ಲೈಬ್ರರಿ ಅಂದುಕೊಂಡಿದ್ದೆ. ಅಜ್ಜ, ಹೆಣ್ಣುಮಕ್ಕಳು ಈಸತಾರೇನು, ಅಂದರು. ಇಂಜಿನಿಯರ ಹೆಂಡತಿ ನನ್ನ ಕಿವಿಯಲ್ಲಿ, ಸೀರೆ ಉಟ್ಟುಕೊಂಡಾ, ಅಂತ ಕೇಳಿದಳು. ನಾನು ಆಡಿಟರನ್ನು ನೋಡುತ್ತಿದ್ದೆ. ಅವರು ಈ ಒಂದು ಮಾತಿಗೆ ಹೌದು ಅನ್ನಲಿಲ್ಲ. ತಲೆ ಎತ್ತಿ ಅಕ್ಕನ ಮುಖವನ್ನು ನೋಡುತ್ತ ಕೂತಿದ್ದರು. ನಾವಷ್ಟು ಜನ ಅಷ್ಟು ಹೊತ್ತು ಬೈದದ್ದು ತಾಗದೆ ಇದ್ದ ಮನುಷ್ಯನಿಗೆ ಈಗ ನೋವಾಗಿತ್ತು. ಪೋಡಿ ಆರುತ್ತಿದೆ ತಗೊಳ್ಳಿ ಅಂತ ಏನೋ ಹೇಳಿದೆ.

ನಮ್ಮ ಕಾರು ರಿಪೇರಿಗೆ ಹೋಗಿತ್ತು, ಹಾಗಾಗಿ ಹೋಗುವಾಗಲೂ ಬರುವಾಗಲೂ ಅವರ ಕಾರಿನಲ್ಲೇ. ಮುಂದೆ ಅವರಿಬ್ಬರು, ಹಿಂದೆ ನಾವಿಬ್ಬರು. ಇನ್ನೂ ಒಳ್ಳೆ ಬಿಸಿಲಿತ್ತು. ಇನ್ನೂರೆಂಬತ್ತನೇ ನಂಬರಿನ ಫ್ರೀವೇ ಹತ್ತಿದೆವು. ಎಲ್ಲ ಕಾರುಗಳೂ ನಮ್ಮನ್ನು ದಾಟಿ ಹೋಗುತ್ತಿದ್ದವು.

"ನೀರು ತಣ್ಣಗೆ ಉಂಟಾ?" ಅಂತ ಕೇಳಿದರು ಆಡಿಟರು.

ಅಕ್ಕ ಕಿಟಕಿಯ ಕಡೆ ನೋಡುತ್ತಿದ್ದವರು ತಿರುಗಲಿಲ್ಲ. ಮೊದಲು ತಣ್ಣಗೆ, ಆಮೇಲೆ ಗೊತ್ತಾಗುವುದಿಲ್ಲ ಅಂದರು.

ಸ್ವಲ್ಪ ದೂರ ಹೋದ ಮೇಲೆ, ಹೆದರಿಕೆ ಆಗ್ಲಿಲ್ವಾ ಅಂದರು. ಅಕ್ಕ ಅದಕ್ಕೂ ಏನೋ ಹೇಳಿದರು. ಆಮೇಲೆ ಮಾತು ತುಳುವಿಗೆ ಹೋಯಿತು. ನನಗೆ ತುಳು ಅಷ್ಟಕ್ಕಷ್ಟೆ, ಗೋಡೆಯಾಚೆಯಿಂದ ಕೇಳಿ ಕಲಿತದ್ದು. ಆದರೆ ದಾಯೆ, ಏಪ, ಏರ್ ಅಂದರೆ ಯಾಕೆ, ಯಾವಾಗ, ಯಾರು ಅಂತ ಗೊತ್ತಿತ್ತು. ದಾಯೆ ಅನ್ನುತ್ತಿದ್ದರು ಆಡಿಟರು. ಅಕ್ಕ ಹೇಳಿದ ಮೇಲೆ ಸರಿ ಅಂತ ನಿಲ್ಲಿಸದೆ, ಮತ್ತೆ ದಾಯೆ ಅನ್ನುತ್ತಿದ್ದರು. ಅಕ್ಕನ ಉತ್ತರ ಮೊದಮೊದಲು ಎರಡು ಮಾತು, ಆಮೇಲೆ ನಾಲ್ಕು ಮಾತು, ಆಮೇಲೆ ನಿಲ್ಲಲೇ ಇಲ್ಲ. ಒಂದು ಸಲ ಅಕ್ಕನ ಧ್ವನಿ ಏರಿತು. ಒಂದು ಸಲ ಅತ್ತರು ಅಂತ ಕಾಣುತ್ತದೆ. ಒಂದು ಸಲ, ದೇವರಾಣೆಗೂ, ನಕ್ಕರು.

ಸ್ಯಾನ್ ಮಟಿಯೋಗೆ ಇಳಿಯುವ ಎಕ್ಸಿಟ್ಟು ಬಂತು. ಆಡಿಟರು ಅದನ್ನು ನೋಡಲೇ ಇಲ್ಲ. ನಮ್ಮೆಜಮಾನರು ಹೇಳಲು ಬಾಯಿ ತೆಗೆದರು, ನಾನು ತೊಡೆ ಚಿವುಟಿದೆ. ಎಕ್ಸಿಟ್ಟು ಹಿಂದೆ ಹೋಯಿತು. ಆಮೇಲಿನದೂ ಹೋಯಿತು, ಡೇಲಿ ಸಿಟಿಯ ಮಂಜು ಬಂತು, ಚಳಿ ಶುರುವಾಯಿತು. ನಾನೂ ನಮ್ಮೆಜಮಾನರೂ ನಿದ್ದೆ ಬಂದವರ ಹಾಗೆ ಕಣ್ಣು ಮುಚ್ಚಿಕೊಂಡು ಕೂತೆವು. ಸ್ಯಾನ್ ಫ್ರಾನ್ಸಿಸ್ಕೋದ ಟ್ರಾಫಿಕ್ ಲೈಟಿನಲ್ಲಿ ಕಾರು ನಿಂತಾಗಲೇ ಅವರಿಗೆ ಎಚ್ಚರವಾದದ್ದು. ಇದು ಎಂತ, ಎಲ್ಲಿಗೆ ಬಂದೆವು ಮಾರಾಯ್ರೇ ಅಂತ ಹಿಂದೆ ತಿರುಗಿ ಕೇಳಿದರು. ನಮಗೇನು ಗೊತ್ತು ಅಂದೆ.

ಕೆಲಸ ಸಿಕ್ಕಿತು, ಅದನ್ನು ಈಗಲೇ ಹೇಳಿ ಮುಗಿಸುತ್ತೇನೆ. ಸಾಹೇಬ ಎರಡನೆಯ ಸುತ್ತು ಬಂದಾಗ ಲಾಸ್ ಆಲ್ಟೋಸಿನಿಂದ ಪ್ಲೆಸೆಂಟನ್ನಿನವರೆಗೆ ಜನ ಅವನಿಗೆ ಬಾಯಿತುಂಬ ದೂರು ಕೊಟ್ಟರು, ಒಂದರ ಹಾಗೆ ಒಂದಿರಲಿಲ್ಲ. ಆಡಿಟರು ತರಬೇತಿಗೆ ಜಾರ್ಜಿಯಾ ರಾಜ್ಯಕ್ಕೆ ಹೋಗಿ ಬಂದರು, ಬ್ಯಾಡ್ಜು ಬಂತು, ಆಯುಧಪೂಜೆಯಲ್ಲಿ ಕೈಕೋಳಕ್ಕೆ ಕುಂಕುಮ ಇಟ್ಟು, ಅದು ಬೀಗದೊಳಗೆ ಹೋಗಿ ಕೋಳ ತೆರೆಯದೆ ಕಚೇರಿಯಲ್ಲಿ ಬೈಸಿಕೊಂಡೂ ಆಯಿತು. ನಿವೃತ್ತಿಯವರೆಗೆ ಬೇಕಾದಷ್ಟು ಕಳ್ಳರ ಮುಖ ನೋಡಿದರು. ಹೇಗಿರ್ತಾರೆ ಅಂತ ಕೇಳಿದರೆ, ಒಬ್ಬೊಬ್ಬರು ಒಂದೊಂದು ಥರ, ಕೂತು ಕೇಳ್ಬೇಕು ಅನ್ನುವರು. ಅವರು ಕೇಳಲು ಕೂತರೆ ಏಳುವುದಿಲ್ಲ ಅಂತ ಕಚೇರಿಯಲ್ಲಿ ಹೆಸರಾಗಿತ್ತಂತೆ.

ಆದರೆ ನನಗೆ ಹೇಳಬೇಕಾಗಿರುವುದು ಆ ಎರಡನೆಯ ಸುತ್ತಿನ ಒಂದು ಬೆಳಿಗ್ಗೆಯ ಮಾತು. ಸಾಹೇಬ ಈ ಸಲ ಹೆಂಡತಿಯನ್ನೂ ಮಾತಾಡಿಸಬೇಕು ಅಂದ. ಅಕ್ಕನಿಗೆ ಇಂಗ್ಲಿಷು ಅರ್ಥವಾಗುತ್ತಿತ್ತು, ಹೊರಗಿನವರ ಮುಂದೆ ಅಂಗಡಿಯ ಬ್ರೆಡ್ಡು ಹಾಲಿನ ಆಚೆಗೆ ಮಾತು ಬರುತ್ತಿರಲಿಲ್ಲ. ನೀನು ಪಕ್ಕದಲ್ಲಿ ಕೂತು ಹೇಳು ಅಂತ ನನ್ನನ್ನು ಕರೆದರು. ನಾನು ಕೂತೆ. ಭಾನುವಾರ ಹೇಳಿದ್ದನ್ನೇ ಈ ಹೆಂಗಸು ಇಲ್ಲೂ ಹೇಳಿಬಿಟ್ಟರೆ? ಹೆಂಡತಿಗೇ ಒಂದು ಪ್ರಶ್ನೆ ಕೇಳದವನು ತನಿಖೆ ಏನು ಮಾಡಿಯಾನು ಅಂತ ಸಾಹೇಬ ಬರೆದುಕೊಂಡರೆ ಮುಗಿಯಿತಲ್ಲ.

ನಿಮ್ಮ ಗಂಡನಲ್ಲಿ ನಿಮಗೆ ಹಿಡಿಸದ್ದು ಏನಾದರೂ ಇದೆಯಾ ಅಂತ ಅವನು ಕೇಳಿದ. ನಾನು ಕನ್ನಡಕ್ಕೆ ತಂದೆ.

"ಉಂಟು," ಅಂದರು ಅಕ್ಕ. "ಪ್ರಶ್ನೆ. ಬೆಳಿಗ್ಗೆ ಎದ್ದಲ್ಲಿಂದ ಪ್ರಶ್ನೆ. ಎಲ್ಲಿಗೆ ಹೋಗಿದ್ದಿ, ಯಾರಿದ್ರು, ಎಂತ ಹೇಳಿದ್ರು, ಊರಿನ ನೆನಪಾಗ್ತದಾ, ಇದು ಯಾಕೆ, ಅದು ಯಾಕೆ. ಜೀವ ತಿಂತಾರೆ. ಒಂದು ಗಳಿಗೆ ಸುಮ್ಮನೆ ಕೂತ್ಕೊಳ್ಳಿಕ್ಕೆ ಬಿಡುವುದಿಲ್ಲ."

ನಾನು ಅವರ ಮುಖ ನೋಡಿದೆ. ದೂರು ಹೇಳುವ ಮುಖವೇ ಅಲ್ಲ ಅದು, ಹೊಸ ಬಳೆ ತೊಟ್ಟವರ ಮುಖ. ಹೇಗೋ ಅಷ್ಟನ್ನೂ ಇಂಗ್ಲಿಷಿನಲ್ಲಿ ಹೇಳಿದೆ. ಸಾಹೇಬ ಬರೆದುಕೊಂಡ. ಅವನಿಗೆ ಎಲ್ಲವೂ ಒಂದೇ, ಕುಡಿತವಾದರೂ ಜೂಜಾದರೂ ಮುಂದಿನ ಪ್ರಶ್ನೆ ಅದೇ ಇರುತ್ತದೆ. ತಲೆ ಎತ್ತದೆ, ಈ ಅಭ್ಯಾಸ ಅವರಿಗೆ ಯಾವಾಗಿನಿಂದ ಇದೆ ಅಂತ ಕೇಳಿದ.

ನಾನು ಕನ್ನಡಕ್ಕೆ ತರಲು ತಿರುಗುವುದರೊಳಗೆ ಅಕ್ಕ ನೇರವಾಗಿ ಅವನನ್ನೇ ನೋಡಿ, ಇಂಗ್ಲಿಷಿನಲ್ಲೇ ಹೇಳಿದರು.

"ಸಿನ್ಸ್ ಸಂಡೇ."